ಕಲ್ಲಿನ ಶಾಸನವೂ ಮರಣಶಾಸನವೂ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಸಾವಿನ ವಿಷಯವನ್ನು ಎತ್ತಬಹುದೆ ಎಂದು ಕೆಲವರು ಕೇಳಬಹುದು. ಶುಭದ ಹೊತ್ತಿನಲ್ಲಿ ಅಶುಭವನ್ನು ನುಡಿಯಬಾರದೆಂಬುದು ನಮ್ಮ ಹಿರಿಯರ ರೂಢಿ. ಆದರೆ ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಈ ವಿಷಯವು ಶಾಲೆಗೆ ಹೊರಗಿನದಲ್ಲವೆಂದು ತಿಳಿಯುವುದು. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದು ಮಕ್ಕಳು ಹತ್ತು ಹನ್ನೊಂದು ದಿನ ಶಾಲೆಗೆ ಬರುವುದಿಲ್ಲ. ಅದು ಸಹಜವೇ. ಅವರಲ್ಲಿ ಹೆಚ್ಚಿನವರು ತಿರುಗಿ ಬರುತ್ತಾರೆ. ಕೆಲವರು ಬರುವುದಿಲ್ಲ. ವಿಚಾರಿಸಿದರೆ, ತಿಥಿಯ ಊಟಕ್ಕೆಂದು ಮಾಡಿದ ಸಾಲವನ್ನು ತೀರಿಸಲು ಹುಡುಗನು ಕೂಲಿಗೆ ಹೋದನೆಂದೋ, ಜಮೀನಿನ ಪತ್ರ ಎಲ್ಲಿದೆಯೆಂದು ಯಾರಿಗೂ ತಿಳಿಯದೆ ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಹುಟ್ಟಿ ಹುಡುಗಿಯನ್ನು ಸೋದರಮಾವನ ಊರಿಗೆ ಕಳುಹಿಸಿದರೆಂದೋ ತಿಳಿದುಬರುತ್ತದೆ. ಸಾವು ಆ ಮನೆಯಿಂದ ಒಬ್ಬರನ್ನು ಒಯ್ದಿತು. ಮುಂಚಿನ ಸಿದ್ಧತೆ ಇಲ್ಲದುದರಿಂದ ಇನ್ನೊಬ್ಬರ ಓದೂ ಹೋಯಿತು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಕನ್ನಡದಲ್ಲಿ ಕಲ್ಲಿನ ಮೇಲೆ ಕೊರೆದ ಬರಹವನ್ನು ಶಾಸನವೆನ್ನುತ್ತೇವೆ. ಮನುಷ್ಯನು ತನ್ನ ಕಾಲಾನಂತರ ಏನಾಗಬೇಕೆಂದು ಬರೆದಿಡುವ ಪತ್ರವನ್ನು ಮರಣಶಾಸನವೆನ್ನುತ್ತೇವೆ. ಒಂದು ಬದುಕಿರುವವರು ಸತ್ತವರಿಗಾಗಿ ಬರೆದದ್ದು. ಇನ್ನೊಂದು ಸಾಯಲಿರುವವರು ಬದುಕಿರುವವರಿಗಾಗಿ ಬರೆದದ್ದು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಪಾಠದ ಉದ್ದೇಶ.

1. ವೀರಗಲ್ಲನ್ನು ಓದುವ ಬಗೆ

ನಮ್ಮ ಗಡಿನಾಡಿನ ಊರುಗಳ ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಕೆತ್ತನೆಯ ಕಲ್ಲುಗಳು ನಿಂತಿರುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಇವುಗಳನ್ನು ವೀರಗಲ್ಲುಗಳೆಂದು ಕರೆಯುತ್ತೇವೆ. ನೆರೆಯ ತಮಿಳರು ನಡುಕಲ್ ಎನ್ನುತ್ತಾರೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ ಇವು ಹೇರಳವಾಗಿವೆ. ಕನ್ನಡ ಬರಹದವೂ ಉಂಟು, ತಮಿಳು ಬರಹದವೂ ಉಂಟು. ಸತ್ತವರನ್ನು ಗೌರವಿಸುವ ವಿಷಯದಲ್ಲಿ ಎರಡು ಭಾಷೆಯವರೂ ಒಂದೇ ಹಾದಿಯಲ್ಲಿ ನಡೆದರೆಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ವೀರನು ಹೋರಾಡುತ್ತಿರುವ ಚಿತ್ರ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಿರುವ ಚಿತ್ರ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುವ ಚಿತ್ರ. ಜೈನ ವೀರನಾದರೆ ಲಿಂಗದ ಸ್ಥಳದಲ್ಲಿ ಜಿನಬಿಂಬ. ತುದಿಯಲ್ಲಿ ಸೂರ್ಯಚಂದ್ರರು. ಸೂರ್ಯಚಂದ್ರರಿರುವವರೆಗೆ ಈ ಹೆಸರು ಉಳಿಯಲಿ ಎಂಬುದು ಅದರ ಅರ್ಥ.

ಇವರೆಲ್ಲರೂ ರಾಜರಲ್ಲ, ದಂಡನಾಯಕರೂ ಅಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಮಡಿದವನಿಗೆ ‘ತುರುಗೋಳ್’ ಕಲ್ಲು. ಹೆಣ್ಣುಮಕ್ಕಳ ಮಾನವನ್ನು ಕಾಯಲು ಹೋಗಿ ಮಡಿದವನಿಗೆ ‘ಪೆಣ್ಬುಯ್ಯಲ್’ ಕಲ್ಲು. ಗಡಿಯ ಜಗಳದಲ್ಲಿ ಸತ್ತವರಿಗೂ, ಹುಲಿ ಹಂದಿಗಳೊಡನೆ ಸೆಣಸಿ ಸತ್ತವರಿಗೂ ಕಲ್ಲುಗಳಿವೆ. ಅರಮನೆಯ ಚರಿತ್ರೆ ಯಾವ ದನಗಾಹಿಯ ಹೆಸರನ್ನೂ ಬರೆಯಲಿಲ್ಲ. ಊರಿನ ಕಲ್ಲು ಬರೆಯಿತು. ಇಂತಹ ಕಲ್ಲುಗಳನ್ನು ಕುರಿತು ನಡೆದ ಅಧ್ಯಯನಗಳಲ್ಲಿ ಎಸ್. ಶೆಟ್ಟರ್ ಅವರು ಗುಂಥರ್ ಸೊಂಥೈಮರ್ ಎಂಬ ಜರ್ಮನ್ ವಿದ್ವಾಂಸರೊಡನೆ ಸಂಪಾದಿಸಿ 1982ರಲ್ಲಿ ಹೊರತಂದ ಗ್ರಂಥವು ಪ್ರಸಿದ್ಧವಾದುದು.

ಮನುಷ್ಯರಿಗಷ್ಟೇ ಕಲ್ಲು ನೆಟ್ಟರೆಂದು ತಿಳಿಯಬಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಾಸನವು ಒಂದು ನಾಯಿಯ ಸ್ಮಾರಕ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಚೋಳರ ಮೇಲೆ ತಕ್ಕೋಲದಲ್ಲಿ ಕಾದಿದನು. ಬೂತುಗನ ಆಳು ಮಣಲೇರನೆಂಬವನು ಆ ಕಾಳಗದಲ್ಲಿ ಪರಾಕ್ರಮ ತೋರಿದನು. ಏನು ಬೇಕೆಂದು ಒಡೆಯನು ಕೇಳಿದಾಗ ಮಣಲೇರನು ಹೊನ್ನನ್ನಾಗಲಿ ಊರನ್ನಾಗಲಿ ಕೇಳದೆ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟುಕೊಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟಲೆಂದೂ ಬರೆಯಿಸಿದನು. ಈ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

2. ನೆನಪಿಗೆ ಹೊಣೆಗಾರರು

ಆತಕೂರಿನ ಶಾಸನದಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಹಿಂದಿನವರು ಕಲ್ಲು ನೆಟ್ಟು ಸುಮ್ಮನಾಗಲಿಲ್ಲ. ಆ ನೆನಪನ್ನು ಮುಂದೆ ಯಾರು ಕಾಯಬೇಕು, ಅದರ ಖರ್ಚು ಎಲ್ಲಿಂದ ಬರಬೇಕು ಎಂಬುದನ್ನೂ ಅದೇ ಕಲ್ಲಿನಲ್ಲಿ ಗೊತ್ತುಮಾಡಿದರು. ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದೂ ‘ಕಲ್ನಾಡು’ ಎಂದೂ ಹೆಸರುಗಳಿದ್ದವು. ‘ಬಾಳ್ಗಳ್ಚು’ ಎಂಬ ಕತ್ತಿ ತೊಳೆಯುವ ವಿಧಿಯೊಡನೆ ಕೊಟ್ಟ ದಾನಗಳೂ ಉಂಟು. ಹೀಗೆ ಸತ್ತವನಿಗೆ ಕಲ್ಲು, ಉಳಿದವರಿಗೆ ಅನ್ನ ಎಂಬ ಎರಡು ಕರ್ತವ್ಯಗಳು ಜೊತೆಯಾಗಿ ನಡೆದವು. ಇಂದಿನ ನಮ್ಮ ನಡೆಯನ್ನು ಇದರೊಡನೆ ಹೋಲಿಸಿ ನೋಡೋಣ. ಮೂರನೆಯ ದಿನದ ಹಾಲುತುಪ್ಪದಿಂದ ತಿಥಿಯವರೆಗೆ ನೂರಾರು ಜನರಿಗೆ ಊಟ ಹಾಕುತ್ತೇವೆ. ಉಂಡವರಿಗೆ ಸತ್ತವರ ಬದುಕಿನ ನಾಲ್ಕು ಸಂಗತಿಗಳು ತಿಳಿದಿರುವುದಿಲ್ಲ. ಉಳಿದವರ ಅನ್ನವು ಸಾಲಗಾರನ ಪಾಲಾಗುತ್ತದೆ. ಯಾವ ಜಾತಿಯ ಯಾವ ಶಾಸ್ತ್ರವನ್ನೂ ನಾವು ಇಲ್ಲಿ ಹಳಿಯುತ್ತಿಲ್ಲ. ಶ್ರದ್ಧೆಯಿಂದ ಮಾಡುವ ಕ್ರಿಯೆಗೆ ಖರ್ಚು ಅಲ್ಪ. ನೆರೆಹೊರೆಯವರ ಮಾತಿಗಂಜಿ ಮಾಡುವುದಕ್ಕೇ ಖರ್ಚು ಹೆಚ್ಚು ಎಂಬುದಷ್ಟೇ ನಮ್ಮ ಮಾತು.

ಹಿಂದಿನದೆಲ್ಲವೂ ಅನುಕರಣೀಯವೆಂದೂ ತಿಳಿಯಬಾರದು. ಬಳೆ ತೊಟ್ಟ ಕೈಯೊಂದು ಕಂಬದಿಂದ ಮೇಲೆತ್ತಿರುವಂತೆ ಕೆತ್ತಿದ ಕಲ್ಲುಗಳು ಮಹಾಸತಿ ಕಲ್ಲುಗಳು. ನಮ್ಮ ಜನ ಅವುಗಳನ್ನು ಮಾಸ್ತಿಕಲ್ಲೆನ್ನುತ್ತಾರೆ. ಬೆಳತೂರಿನ 1057ರ ಶಾಸನವು ದೇಕಬ್ಬೆಯೆಂಬವಳು ಗಂಡನ ಸಾವಿನ ಸುದ್ದಿ ಕೇಳಿ ಬೆಂಕಿಯನ್ನು ಹೊಕ್ಕುದನ್ನು ಹೇಳುತ್ತದೆ. ಹೆತ್ತವರು ಬೇಡವೆಂದು ತಡೆದರೆಂಬುದನ್ನೂ ಅದೇ ಶಾಸನ ಹೇಳುತ್ತದೆ. ನಾವು ಆ ಕಲ್ಲನ್ನು ಓದುವಾಗ ತಡೆದ ತಂದೆತಾಯಿಗಳ ಕಡೆಗೆ ನಿಂತು ಓದಬೇಕು. 1829ರಲ್ಲಿ ಬಂಗಾಳ ಪ್ರಾಂತದಲ್ಲಿ ಸಹಗಮನವನ್ನು ಕಾಯಿದೆಯಿಂದ ನಿಷೇಧಿಸಿದರು. 1987ರ ಕಾಯಿದೆಯು ಅದನ್ನು ಕೊಂಡಾಡುವುದನ್ನೂ ಅಪರಾಧವೆಂದು ಮಾಡಿತು. ಕಲ್ಲನ್ನು ಚರಿತ್ರೆಯೆಂದು ಕಾಪಾಡೋಣ. ಪದ್ಧತಿಯನ್ನು ಹೊಗಳುವುದು ಬೇಡ.

3. ಸಾವಿಗೆ ಸಿದ್ಧರಾದವರು

‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಸಾವನ್ನು ಎದುರುಗೊಳ್ಳುವ ರೀತಿಯಿಂದ ಬದುಕಿನ ಬೆಲೆ ತಿಳಿಯುವುದೆಂದು ಅದರ ಭಾವ. ಸಾವಿಗೆ ಮುಂದಾಗಿ ಅಣಿಯಾಗುವುದನ್ನು ಒಂದು ವ್ರತವನ್ನಾಗಿ ಮಾಡಿದವರು ಜೈನರು. ತಪ್ಪಿಸಲಾಗದ ವಿಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ ಬಂದೊದಗಿದಾಗ ಕೈಕೊಳ್ಳುವ ಈ ವ್ರತಕ್ಕೆ ಸಲ್ಲೇಖನವೆಂದು ಹೆಸರು. ದುಃಖದ ಆವೇಗದಲ್ಲಿ ಪ್ರಾಣ ಕಳೆದುಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಜೈನ ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ವ್ರತವನ್ನು ಹಿಡಿಯುವವರು ಮೊದಲು ಸ್ನೇಹ, ವೈರ, ಆಸ್ತಿಯ ಮೋಹ ಇವುಗಳನ್ನು ಬಿಡಬೇಕು; ಬಂಧುಗಳನ್ನೂ ಪರಿವಾರದವರನ್ನೂ ಕ್ಷಮಿಸಬೇಕು, ಅವರಿಂದ ಕ್ಷಮೆಯನ್ನು ಬೇಡಬೇಕು.

ಹಾಗೆ ತೀರಿಕೊಂಡವರ ನೆನಪಿಗೆ ನೆಟ್ಟ ಕಲ್ಲನ್ನು ನಿಷಿಧಿ ಎನ್ನುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಇಂತಹ ಬರಹಗಳು ಬಹಳ. ಆತಕೂರಿನ ಶಾಸನದ ಕಾಲದಲ್ಲಿ ಆಳುತ್ತಿದ್ದ ಮೂರನೆಯ ಕೃಷ್ಣನ ಮೊಮ್ಮಗನಾದ ಇಂದ್ರನು, ರಾಷ್ಟ್ರಕೂಟರ ರಾಜ್ಯವೇ ಕೈಬಿಟ್ಟುಹೋದ ಮೇಲೆ, 982ರಲ್ಲಿ ಶ್ರವಣಬೆಳಗೊಳದಲ್ಲಿಯೇ ಈ ವ್ರತದಿಂದ ಮುಡಿಪಿದನು. ಗಂಗ ದೊರೆ ನೀತಿಮಾರ್ಗನ ನೆನಪಿಗೆ 9ನೆಯ ಶತಮಾನದಲ್ಲಿ ನಿಲ್ಲಿಸಿದ ದೊಡ್ಡಹುಂಡಿಯ ನಿಷಿಧಿಯಲ್ಲಿ ಮನಮುಟ್ಟುವ ಚಿತ್ರವಿದೆ: ಸಾಯುತ್ತಿರುವ ದೊರೆಯನ್ನು ಅವನ ಸೇವಕನು ಹಿಂದಿನಿಂದ ಆತುಕೊಂಡಿದ್ದಾನೆ, ಮಗನು ಎದುರಿಗೆ ನಿಂತಿದ್ದಾನೆ. ಕೊನೆಯ ಗಳಿಗೆಯಲ್ಲಿ ಮನುಷ್ಯನಿಗೆ ಬೇಕಾಗುವುದು ಆತುಕೊಳ್ಳುವ ಒಂದು ಕೈ, ಎದುರಿಗೊಂದು ಪರಿಚಿತ ಮುಖ; ದೊರೆಗೂ ಬಡವನಿಗೂ ಇದರಲ್ಲಿ ಭೇದವಿಲ್ಲ.

4. ನಮ್ಮ ಕಾಲದ ಮೂರು ನಿದರ್ಶನಗಳು

ಇನ್ನು ಮರಣಶಾಸನದ ಕಡೆಗೆ ಬರೋಣ. ಜವಾಹರಲಾಲ ನೆಹರೂ ಅವರು 1954ರ ಜೂನ್ 21ರಂದು, ಅಂದರೆ ತೀರಿಕೊಳ್ಳುವುದಕ್ಕೆ ಹತ್ತಿರಹತ್ತಿರ ಹತ್ತು ವರ್ಷ ಮೊದಲೇ, ತಮ್ಮ ಉಯಿಲನ್ನು ಬರೆದರು. ತಮಗಾಗಿ ಧಾರ್ಮಿಕ ವಿಧಿಗಳನ್ನು ಮಾಡಬಾರದು. ಚಿತಾಭಸ್ಮದ ಒಂದು ಹಿಡಿಯನ್ನು ಅಲಹಾಬಾದಿನ ಬಳಿ ಗಂಗೆಯಲ್ಲಿ ಬಿಡಬೇಕು. ಹೆಚ್ಚಿನ ಭಾಗವನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕು ಎಂಬುದು ಅವರ ಇಚ್ಛೆ. 1964ರ ಮೇ 27ರಂದು ಅವರು ತೀರಿಕೊಂಡಾಗ ಭಸ್ಮದ ವಿಷಯದಲ್ಲಿ ಅವರ ಇಚ್ಛೆಯು ನಡೆಯಿತು. ವಿಧಿಗಳ ವಿಷಯದಲ್ಲಿ ನಡೆಯಲಿಲ್ಲ, ಅಂತ್ಯಕ್ರಿಯೆಯು ಮಂತ್ರೋಕ್ತವಾಗಿಯೇ ಆಯಿತು. ಬರೆದಿಡುವುದು ಅರ್ಧ ಕೆಲಸ. ಬದುಕಿರುವಾಗಲೇ ಮನೆಯವರನ್ನು ಕೂರಿಸಿಕೊಂಡು ಹೇಳಿ ಒಪ್ಪಿಸುವುದು ಉಳಿದರ್ಧ ಎಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

ಎರಡನೆಯವರು ಜೆ. ಬಿ. ಎಸ್. ಹಾಲ್ಡೇನ್. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಜೀವವಿಜ್ಞಾನಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಅವರು ತೀರಿಕೊಂಡ ಮೇಲೆ, ಅವರ ಉಯಿಲಿನಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಬದುಕಿರುವಾಗ ಕಲಿಸುತ್ತಿದ್ದವರು ಸತ್ತ ಮೇಲೆಯೂ ಕಲಿಸುವುದನ್ನು ನಿಲ್ಲಿಸಲಿಲ್ಲ.

ಮೂರನೆಯವರು ನಮ್ಮ ನೆಲದವರೇ. ಡಾ. ರಾಜ್‌ಕುಮಾರ್ ಅವರು 1929ರಲ್ಲಿ ಹುಟ್ಟಿದ್ದು ತಾಳವಾಡಿ ಸೀಮೆಯ ಗಾಜನೂರಿನಲ್ಲಿ. ಈ ಗಡಿಯ ಊರಿನ ಹುಡುಗನು ಕನ್ನಡಿಗರೆಲ್ಲರ ಮನೆಯ ಮಾತಾದದ್ದನ್ನು ಹೇಳಬೇಕಾಗಿಲ್ಲ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನೇತ್ರಬ್ಯಾಂಕನ್ನು ಉದ್ಘಾಟಿಸಿದಾಗ ಅವರು ತಮ್ಮ ಕಣ್ಣುಗಳನ್ನು ದಾನಮಾಡುವುದಾಗಿ ಮಾತುಕೊಟ್ಟರು. 2006ರ ಏಪ್ರಿಲ್ 12ರಂದು ಅವರು ಹಠಾತ್ತನೆ ತೀರಿಕೊಂಡಾಗ ಮನೆಯವರು ಆ ಮಾತನ್ನು ನಡೆಸಿದರು. ಹೊರಗೆ ಬೆಂಗಳೂರಿನ ಬೀದಿಗಳಲ್ಲಿ ಗಲಭೆಯೆದ್ದು ಹಲವರು ಪ್ರಾಣ ಕಳೆದುಕೊಂಡರು. ಅಭಿಮಾನವು ಅಂಕೆ ತಪ್ಪಿದರೆ ಅದು ಸತ್ತವರಿಗೆ ಗೌರವವಾಗುವುದಿಲ್ಲ. ಸದ್ದಿಲ್ಲದೆ ನಡೆದ ಕಣ್ಣಿನ ದಾನವೇ ಅಂದಿನ ನಿಜವಾದ ಗೌರವ. ಅವರ ಪತ್ನಿ ಪಾರ್ವತಮ್ಮನವರ ಕಣ್ಣುಗಳೂ 2017ರಲ್ಲಿ ದಾನವಾದವು. ಅವರ ಕಿರಿಯ ಮಗ ಪುನೀತ್ ಅವರು 2021ರ ಅಕ್ಟೋಬರ್ 29ರಂದು, ಇನ್ನೂ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ವೈದ್ಯರು ಒಂದೊಂದು ಕಣ್ಣಿನ ಪಾರದರ್ಶಕ ಪಟಲವನ್ನು ಮುಂಭಾಗ ಹಿಂಭಾಗವೆಂದು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಬರುವಂತೆ ಮಾಡಿದರು. ಒಬ್ಬ ತಂದೆಯು ಆಡಿದ ಮಾತು ಮನೆಯ ಆಚಾರವಾಗಿ ಬೆಳೆದುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಕಣ್ಣಿನ ದಾನದ ಕ್ರಮವನ್ನು ಎಲ್ಲರೂ ತಿಳಿದಿರತಕ್ಕದ್ದು. ಸತ್ತ ಆರು ಗಂಟೆಗಳೊಳಗೆ ಕಣ್ಣನ್ನು ತೆಗೆಯಬೇಕು. ಆದುದರಿಂದ ನೇತ್ರಬ್ಯಾಂಕಿಗೆ ಬೇಗನೆ ಸುದ್ದಿ ಮುಟ್ಟಿಸಬೇಕು. ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿಯನ್ನಿಟ್ಟು, ತಲೆಯ ಕೆಳಗೆ ದಿಂಬನ್ನಿಟ್ಟು, ಫ್ಯಾನನ್ನು ನಿಲ್ಲಿಸಬೇಕು. ಕೆಲಸವು ಅರ್ಧ ಗಂಟೆಯೊಳಗೆ ಮುಗಿಯುವುದು, ಮುಖವು ವಿಕಾರವಾಗುವುದಿಲ್ಲ. ಕನ್ನಡಕ ಹಾಕುತ್ತಿದ್ದವರೂ, ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು. ಕೆಲವು ಸೋಂಕುರೋಗಗಳಿಂದ ಸತ್ತವರ ಕಣ್ಣುಗಳನ್ನು ತೆಗೆದುಕೊಳ್ಳುವುದಿಲ್ಲ. ಸತ್ತವರು ಮೊದಲೇ ಬರೆದುಕೊಟ್ಟಿದ್ದರೂ ಮನೆಯವರ ಒಪ್ಪಿಗೆ ಬೇಕು. ಅದಕ್ಕಾಗಿಯೇ ಮೊದಲೇ ಮಾತನಾಡಿಕೊಳ್ಳುವುದು ಅಗತ್ಯ.

5. ಮನೆಯಲ್ಲಿ ಮಾಡಿಟ್ಟುಕೊಳ್ಳಬೇಕಾದ ಸಿದ್ಧತೆ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದು. ಪೋಷಕರು ಈ ಮುಂದಿನ ವಿಷಯಗಳನ್ನು ಬಿಡುವಿನ ಒಂದು ದಿನ ಕುಳಿತು ತೀರ್ಮಾನಿಸಿಡಬೇಕೆಂದು ಕೋರುತ್ತೇವೆ.

ಮೊದಲನೆಯದಾಗಿ, ಅಂತ್ಯಸಂಸ್ಕಾರ. ಸುಡಬೇಕೆ ಹೂಳಬೇಕೆ, ಎಲ್ಲಿ, ಯಾವ ಕ್ರಮದಲ್ಲಿ, ಎಷ್ಟು ಖರ್ಚಿನೊಳಗೆ ಎಂಬುದನ್ನು ಹಿರಿಯರೇ ಒಂದು ಹಾಳೆಯಲ್ಲಿ ಬರೆಯಿಸಿಡಲಿ. ‘ನನ್ನ ತಿಥಿಗೆ ಸಾಲಮಾಡಬೇಡಿರಿ’ ಎಂದು ತಾತನೇ ಬರೆದಿಟ್ಟರೆ, ಮಗನು ನೆಂಟರಿಗೆ ಅಂಜಬೇಕಾಗಿಲ್ಲ. ಆ ಹಾಳೆಯನ್ನು ತೋರಿಸಿದರೆ ಸಾಕು.

ಎರಡನೆಯದಾಗಿ, ಉಯಿಲು. ಹದಿನೆಂಟು ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಇದನ್ನು ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಬರೆದವರು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ, ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಆಸ್ತಿಯ ಪಾಲು ಪಡೆಯುವವರನ್ನು ಸಾಕ್ಷಿಗಳನ್ನಾಗಿ ಮಾಡದಿರುವುದು ಲೇಸು. ಬದುಕಿರುವವರೆಗೂ ಅದನ್ನು ಬದಲಾಯಿಸಬಹುದು. ಕೊನೆಯದಾಗಿ ಬರೆದುದೇ ನಿಲ್ಲುವುದು.

ಮೂರನೆಯದಾಗಿ, ದಾಖಲೆಗಳು. ಗಡಿನಾಡಿನವರಾದ ನಮಗೆ ಇದು ಎಲ್ಲಕ್ಕಿಂತ ಮುಖ್ಯ. ತಮಿಳು ಲಿಪಿಯಲ್ಲಿ ಕ-ಗ, ಪ-ಬ, ತ-ದ ಇವುಗಳಿಗೆ ಒಂದೊಂದೇ ಅಕ್ಷರ. ನಮ್ಮ ಶಾಲೆಯ ಪುಸ್ತಕದಲ್ಲಿ ‘ಗುರುಬಸಪ್ಪ’ ಎಂದಿರುವ ಹೆಸರು ತಮಿಳು ದಾಖಲೆಯಿಂದ ಇಂಗ್ಲಿಷಿಗೆ ಬರುವಾಗ ‘ಕುರುಪಸಪ್ಪ’ ಎಂದಾಗಬಹುದು. ಬದುಕಿರುವಾಗ ಇದು ನಗೆಯ ಮಾತು. ಸತ್ತ ಮೇಲೆ ಇಬ್ಬರೂ ಒಬ್ಬನೇ ಎಂದು ವಿಧವೆಯು ಕಚೇರಿಯಿಂದ ಕಚೇರಿಗೆ ಅಲೆದು ಸಾಧಿಸಬೇಕಾಗುತ್ತದೆ. ಆದುದರಿಂದ ಜಮೀನಿನ ಪತ್ರ, ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸುಪುಸ್ತಕ, ಮಕ್ಕಳ ಶಾಲಾ ದಾಖಲೆ ಇವುಗಳಲ್ಲಿ ಹೆಸರು ಒಂದೇ ಆಗಿದೆಯೆ ಎಂದು ಈಗಲೇ ನೋಡಿ ತಿದ್ದಿಸಿರಿ. ಬ್ಯಾಂಕಿನಲ್ಲಿ ನಾಮಿನಿಯ ಹೆಸರನ್ನು ಬರೆಯಿಸಿರಿ. ಪತ್ರಗಳೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯು ಎಲ್ಲಿದೆಯೆಂದು ಹೆಂಡತಿಗೂ ತಿಳಿಸಿರಿ.

ನಾಲ್ಕನೆಯದಾಗಿ, ಮರಣದ ನೋಂದಣಿ. 1969ರ ಕಾಯಿದೆಯ ಮೇರೆಗೆ ಸಾವು ಸಂಭವಿಸಿದ 21 ದಿನಗಳೊಳಗೆ ತಿಳಿಸಬೇಕು. ಮನೆಯಲ್ಲಿ ಸತ್ತರೆ ಮನೆಯ ಯಜಮಾನನೂ, ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರೂ ತಿಳಿಸತಕ್ಕದ್ದು. ತಡವಾದರೆ ಶುಲ್ಕ, ವರ್ಷ ಮೀರಿದರೆ ಮೇಲಧಿಕಾರಿಗಳ ಅಪ್ಪಣೆ. ಹನ್ನೊಂದನೆಯ ದಿನದ ಕಾರ್ಯವನ್ನು ಮರೆಯದ ನಾವು ಇಪ್ಪತ್ತೊಂದನೆಯ ದಿನವನ್ನೂ ಮರೆಯಬಾರದು.

6. ಬದುಕನ್ನು ಗೌರವಿಸುವುದು

ಸಿದ್ಧತೆಯು ಸಾಯುವವರ ಕರ್ತವ್ಯವಾದರೆ, ಸ್ಮರಣೆಯು ಉಳಿದವರ ಕರ್ತವ್ಯ. ಮಂಜೇಶ್ವರದ ಗೋವಿಂದ ಪೈಗಳು (1883-1963) ಬಾಳಿದ ಮನೆಯು ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿ ನಿಂತಿದೆ. ಅದು ಅವರದೇ ಕವನಸಂಗ್ರಹದ ಹೆಸರು. ಕವಿಗೆ ಅದು ತಕ್ಕ ಸ್ಮಾರಕ. ಆದರೆ ನಮ್ಮ ಮನೆಗಳ ಹಿರಿಯರು ಕವಿಗಳಲ್ಲ, ದೊರೆಗಳಲ್ಲ. ರಾಗಿ ಬೆಳೆದವರು, ದನ ಕಾಯ್ದವರು, ನೂರು ಹೆರಿಗೆ ಮಾಡಿಸಿದ ಸೂಲಗಿತ್ತಿಯರು, ರಾತ್ರಿಯೆಲ್ಲ ತತ್ತ್ವಪದ ಹಾಡಬಲ್ಲವರು. ಇವರಿಗೆ ಕಲ್ಲು ನೆಡುವ ಊರು ಈಗ ಇಲ್ಲ. ಆ ಕೆಲಸವನ್ನು ಓದುಬರಹ ಬಲ್ಲ ಮೊಮ್ಮಕ್ಕಳು ಮಾಡಬೇಕು.

ಇದರಲ್ಲಿ ನಮ್ಮ ಭಾಷೆಯ ಪ್ರಶ್ನೆಯೂ ಅಡಗಿದೆ. ಒಬ್ಬ ಅಜ್ಜಿಯು ತೀರಿಕೊಂಡಾಗ ಅವಳೊಡನೆ ಸೋಬಾನೆಯ ಹಾಡುಗಳು, ಹೊಲಗಳ ಹಳೆಯ ಹೆಸರುಗಳು, ಸೊಪ್ಪು ಬೇರುಗಳ ಮದ್ದುಗಳು, ಬೇರೆಲ್ಲಿಯೂ ಕೇಳಸಿಗದ ಕನ್ನಡದ ಮಾತುಗಳು ಹೋಗುತ್ತವೆ. ರಾಜ್ಯದ ನಡುವಿನ ಊರಿನಲ್ಲಿ ಒಬ್ಬರು ಮರೆತುದನ್ನು ಇನ್ನೊಬ್ಬರು ನೆನಪಿಡಬಹುದು; ಗಡಿಯಲ್ಲಿ ನೆನಪಿಡುವವರು ಕೆಲವೇ ಮಂದಿ. ಮಗುವು ಅಜ್ಜಿಯ ಮಾತನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡರೆ, ಅದು ಅಜ್ಜಿಗೂ ಸ್ಮಾರಕ, ಭಾಷೆಗೂ ಸ್ಮಾರಕ. ಅಜ್ಜಿಯು ಬದುಕಿರುವಾಗಲೇ ಬರೆದರೆ ಅವಳೂ ಕೇಳಿ ಸಂತೋಷಪಡುವಳು. ಸತ್ತ ಮೇಲೆ ಹೊಗಳುವುದಕ್ಕೆ ಎಲ್ಲರೂ ಬಲ್ಲರು. ಇದ್ದಾಗ ಕೇಳಿಸಿಕೊಳ್ಳುವುದೇ ಅಪರೂಪ.

7. ವಿದ್ಯಾರ್ಥಿಗಳಿಗೆ ಅಭ್ಯಾಸ

(1) ನಿಮ್ಮ ಊರಿನಲ್ಲಿ ಅಥವಾ ನೆರೆಯ ಊರಿನಲ್ಲಿ ವೀರಗಲ್ಲು ಇದೆಯೆ? ಇದ್ದರೆ ಅದರ ಎತ್ತರ, ಪಟ್ಟಿಕೆಗಳ ಸಂಖ್ಯೆ, ಚಿತ್ರಗಳು, ಬರಹ ಇವುಗಳನ್ನು ಗುರುತುಮಾಡಿಕೊಂಡು ಬನ್ನಿರಿ. ಬರಹವು ಕಾಣುವುದಕ್ಕೆಂದು ಕಲ್ಲನ್ನು ಕೆರೆಯಬೇಡಿರಿ, ಬಣ್ಣವನ್ನೂ ಬಳಿಯಬೇಡಿರಿ. ಬಟ್ಟೆ ಒಗೆಯುವುದಕ್ಕೋ ಮೆಟ್ಟಿಲಿಗೋ ಅದನ್ನು ಬಳಸುತ್ತಿದ್ದರೆ ಹಿರಿಯರಿಗೆ ವಿನಯದಿಂದ ತಿಳಿಸಿರಿ.

(2) ನಿಮ್ಮ ಮನೆಯ ಅತ್ಯಂತ ಹಿರಿಯರನ್ನು ಕೇಳಿ, ಅವರಿಗೆ ನೆನಪಿರುವಷ್ಟು ತಲೆಗಳ ಪೂರ್ವಿಕರ ಹೆಸರುಗಳನ್ನು ಬರೆಯಿರಿ. ಗಂಡಸರ ಹೆಸರುಗಳನ್ನು ಮಾತ್ರವಲ್ಲ, ಹೆಂಗಸರ ಹೆಸರುಗಳನ್ನೂ ಬರೆಯಿರಿ.

(3) ತೀರಿಕೊಂಡ ಒಬ್ಬ ಹಿರಿಯರನ್ನು ಕುರಿತು ಒಂದು ಪುಟ ಬರೆಯಿರಿ. ಹುಟ್ಟಿದ ಊರು, ಮಾಡಿದ ಕೆಲಸ, ಪಟ್ಟ ಕಷ್ಟ, ಆಡುತ್ತಿದ್ದ ಒಂದು ಮಾತು, ಇಷ್ಟಿರಲಿ. ‘ಒಳ್ಳೆಯವರಾಗಿದ್ದರು’ ಎಂದು ಬರೆಯುವ ಬದಲು ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಬರೆಯಿರಿ. ವೀರಗಲ್ಲುಗಳು ಅದನ್ನೇ ಮಾಡಿವೆ.

ಈ ಪುಟಗಳನ್ನು ಶಾಲೆಗೆ ತಂದರೆ ಒಂದು ಪುಸ್ತಕವಾಗಿ ಕಟ್ಟಿಸಿ ವಾಚನಾಲಯದಲ್ಲಿಡುತ್ತೇವೆ. ಪೋಷಕರಲ್ಲಿ ನಮ್ಮ ಬೇಡಿಕೆ ಇನ್ನೊಂದಿದೆ. ಮನೆಯಲ್ಲಿ ಸಾವು ಸಂಭವಿಸಿದರೆ, ಯಾವ ತೀರ್ಮಾನಕ್ಕೂ ಮೊದಲು, ಶಾಲೆಗೆ ಒಂದು ಮಾತು ಹೇಳಿ ಕಳುಹಿಸಿರಿ. ಅರ್ಜಿ ಬರೆಯುವುದಕ್ಕೆ, ಹೆಸರನ್ನು ತಿದ್ದಿಸುವುದಕ್ಕೆ, ಮಗುವು ತಪ್ಪಿದ ಪಾಠಗಳನ್ನು ಸಂಜೆಯ ಹೊತ್ತು ಹೇಳಿಕೊಡುವುದಕ್ಕೆ ನಾವು ಇದ್ದೇವೆ. ತಿಥಿಯು ಮುಗಿದ ಮರುದಿನ ಮಗುವನ್ನು ತರಗತಿಗೆ ಕಳುಹಿಸಿಕೊಡಿರಿ. ಹೋದವರಿಗೆ ಅದಕ್ಕಿಂತ ಹೆಚ್ಚಿನ ಉತ್ತರಕ್ರಿಯೆಯನ್ನು ನಾವು ಕಾಣೆವು.